ಹಳೇ ಬಾಕ್ಸ್‌ಸ್ಟರ್ ತಗೋಬಹುದಾ? ಎಂಜಿನ್ ಎಷ್ಟು ಬಾಳಿಕೆ ಬರತ್ತೆ, ಅನುಭವ ಇರೋರು ಹೇಳಿ

ಮೂಡಿಗೆರೆಯಿಂದ:
ಎಲ್ರಿಗೂ ನಮಸ್ಕಾರ. ನಮಗೆ ಗೊತ್ತಿರೋ ಎಸ್ಟೇಟ್‌ನೋರು ಅವರ 2006ರ ಪೋರ್ಷೆ ಬಾಕ್ಸ್‌ಸ್ಟರ್ 2.7 (ಬಟ್ಟೆ ಟಾಪ್ ಬಿಚ್ಚೋ ಎರಡು ಸೀಟಿನ ಸ್ಪೋರ್ಟ್ಸ್ ಕಾರು) ಕೊಡ್ತೀನಿ ಅಂತಿದಾರೆ. ಬರೀ 31 ಸಾವಿರ ಕಿಲೋಮೀಟರ್ ಓಡಿದೆ, 4 ವರ್ಷದಿಂದ ಶೆಡ್‌ನಲ್ಲೇ ನಿಂತಿದೆ. ಚಿಕ್ಕಂದಿನಿಂದ ಆಸೆ ನಂಗೆ. ಎಂಜಿನ್ ಹೋದ್ರೆ ತೋಟ ಅಡ ಇಡ್ಬೇಕಾಗತ್ತೆ ಅಂತ ಮನೇಲಿ ಎಲ್ರೂ ಹೆದರಿಸ್ತಿದಾರೆ. ನಿಜಾನಾ?

ಹಾಸನದಿಂದ:
ಅಣ್ಣ, 31 ಸಾವಿರ ಅನ್ನೋ ನಂಬರ್ ನೋಡಿ ಖುಷಿ ಪಡ್ಬೇಡಿ, ಆ 4 ವರ್ಷ ನಿಂತಿದೆ ಅಂದ್ರಲ್ಲ ಅದನ್ನ ಮೊದಲು ಯೋಚ್ನೆ ಮಾಡಿ. ನನ್ನ ಹತ್ರ 2002ರ 1.6 ಪೆಟ್ರೋಲ್ ಗಾಡಿ ಒಂದಿದೆ, 11 ವರ್ಷದಿಂದ ಸಾಕ್ತಿದೀನಿ, ತಗೊಂಡಾಗ ಅದೂ ಹಿಂಗೇ ಕಮ್ಮಿ ಓಡಿರೋ ಗಾಡಿ. ಟೈಮಿಂಗ್ ಬೆಲ್ಟ್ (ವಾಲ್ವನ್ನೂ ಪಿಸ್ಟನ್ನನ್ನೂ ಒಂದೇ ತಾಳಕ್ಕೆ ಓಡಿಸೋ ರಬ್ಬರ್ ಬೆಲ್ಟ್) ಬದಲಾಯ್ಸೋ ಕಿಲೋಮೀಟರ್ ಇನ್ನೂ ಬಂದಿಲ್ವಲ್ಲ ಅಂತ ಸುಮ್ನಿದ್ದೆ. ರಬ್ಬರಿಗೆ ಕಿಲೋಮೀಟರ್ ಲೆಕ್ಕ ಒಂದೇ ಅಲ್ಲ, ವಯಸ್ಸೂ ಲೆಕ್ಕಕ್ಕೆ ಬರತ್ತೆ ಅಂತ ಗೊತ್ತಿರ್ಲಿಲ್ಲ. ಕೈಮರ ದಾಟಿ ಗಿರಿ ಹತ್ತುವಾಗ ಸೆಕೆಂಡ್ ಗೇರಲ್ಲಿ ಟಪ್ ಅಂತ ಒಂದೇ ಸದ್ದು, ಬೆಲ್ಟ್ ಹರಿದು ಗಾಡಿ ಆಫ್. ಹೆಡ್ ಬಿಚ್ಚಿ ನೋಡಿದ್ರೆ 16 ವಾಲ್ವಲ್ಲಿ 11 ಬಗ್ಗಿದ್ವು, ಪಿಸ್ಟನ್ ಮೇಲೆ ಅರ್ಧಚಂದ್ರದ ಥರ ಗುರುತು ಬಿದ್ದಿತ್ತು. 7 ಸಾವಿರದಲ್ಲಿ ಮುಗಿಯೋ ಕೆಲಸಕ್ಕೆ 54 ಸಾವಿರ ಕೊಟ್ಟೆ.

ನಿಮ್ಮ ಬಾಕ್ಸ್‌ಸ್ಟರ್‌ಗೆ ಬೆಲ್ಟ್ ಅಲ್ಲ ಚೈನು, ಹಂಗಾಗಿ ಆ ಭಯ ಇಲ್ಲ. ಅದಕ್ಕೆ ಬೇರೆ ಎರಡು ಕಾಯಿಲೆ. ಒಂದು ಐಎಂಎಸ್ ಬೇರಿಂಗ್. ಕ್ರ್ಯಾಂಕ್‌ನಿಂದ ತಿರುಗೋ ಇಂಟರ್‌ಮೀಡಿಯೆಟ್ ಶಾಫ್ಟೇ (ಐಎಂಎಸ್ ಅಂದ್ರೆ ಇದೇ) ವಾಲ್ವ್ ಆಡಿಸೋ ಕ್ಯಾಮ್ ಚೈನುಗಳನ್ನ ಎಳೆಯೋದು, ಅದರ ಒಂದು ತುದೀಲಿ ಸೀಲ್ ಆಗಿರೋ ಬಾಲ್ ಬೇರಿಂಗ್ ಇರತ್ತೆ. ವರ್ಷ ಕಳೆದಂಗೆ ಸೀಲ್ ಸೋತು ಒಳಗಿನ ಗ್ರೀಸ್ ತೊಳೆದು ಹೋಗತ್ತೆ, ಆಮೇಲೆ ಗುಂಡು ಸವೆದು ಶಾಫ್ಟ್ ಅಲ್ಲಾಡಿ ಟೈಮಿಂಗ್ ತಪ್ಪತ್ತೆ, ಕಬ್ಬಿಣದ ಪುಡಿ ಇಡೀ ಎಂಜಿನ್ ಸುತ್ತತ್ತೆ. 2006ರ ಎಂಜಿನ್‌ಗೆ ದೊಡ್ಡ ಬೇರಿಂಗ್ ಬಂದಿದೆ, ಹಳೇದಕ್ಕಿಂತ ಗಟ್ಟಿ, ಆದ್ರೆ ಕ್ರ್ಯಾಂಕ್‌ಕೇಸ್, ಅಂದ್ರೆ ಎಂಜಿನ್ ಮೈಯನ್ನೇ, ಎರಡು ಹೋಳು ಮಾಡದೆ ಅದನ್ನ ಹೊರಗೆ ತೆಗೆಯಕ್ಕಾಗಲ್ಲ. ಕ್ಲಚ್ ಕೆಲಸಕ್ಕೆ ಗೇರ್‌ಬಾಕ್ಸ್ ಇಳಿಸಿದಾಗ ಆ ಬೇರಿಂಗ್‌ನ ಹೊರಗಿನ ಸೀಲ್ ತೆಗೆದು ಎಂಜಿನ್ ಆಯಿಲ್ಲೇ ಒಳಗೆ ಹೋಗೋ ಹಂಗೆ ಬಿಡ್ತಾರೆ, ಅದೇ ಕೂಲಿಲಿ ರಿಯರ್ ಮೇನ್ ಸೀಲೂ (ಕ್ರ್ಯಾಂಕ್ ತುದೀಲಿ ಆಯಿಲ್ ಸೋರದಂಗೆ ತಡೆಯೋದು) ಹಾಕಿಸ್ಕೊಳ್ಳಿ. 2009ರಿಂದ ಬಂದ ಎಂಜಿನ್‌ನಲ್ಲಿ ಈ ಶಾಫ್ಟೇ ಇಲ್ಲ.

ಎರಡನೇದು ಬೋರ್, ಅಂದ್ರೆ ಪಿಸ್ಟನ್ ಓಡಾಡೋ ಸಿಲಿಂಡರ್ ಒಳಗೋಡೆ, ಗೀರು ಬೀಳೋದು. ಇದು ನಂಗೆ ಚೆನ್ನಾಗಿ ಗೊತ್ತು, ನಮ್ಮಪ್ಪಂದು ಲೇತ್ ಅಂಗಡಿ, ಚಿಕ್ಕಂದಿನಿಂದ ಬ್ಲಾಕ್‌ಗಳ ಮಧ್ಯೆನೇ ಬೆಳೆದೋನು. ನಮ್ಮ ಕಡೆ ಜೀಪೋ ಟ್ರಾಕ್ಟರೋ ಬೋರಿಗೆ ಬಂತು ಅಂದ್ರೆ ಬೋರ್ ಹೊಡೆಸಿ ಓವರ್‌ಸೈಜ್ ಪಿಸ್ಟನ್ ಹಾಕಿ ಕಳಿಸ್ತೀವಿ, ಎಲ್ಲೂ ಆಗೋ ಕೆಲಸ ಅದು. ಇದು ಹಂಗಲ್ಲ. ಬ್ಲಾಕ್ ಪೂರ್ತಿ ಅಲ್ಯೂಮಿನಿಯಂ, ಸಿಲಿಂಡರ್ ಗೋಡೇಲಿ ಸಿಲಿಕಾನ್ ಸೇರಿಸಿರ್ತಾರೆ, ಲೋಕಾಸಿಲ್ ಅಂತಾರೆ ಅದಕ್ಕೆ. ಆ ಪದರ ಗೀರಿದ್ರೆ ಮಾಮೂಲಿ ಬೋರಿಂಗ್ ಮಷಿನ್‌ಗೆ ಏರಿಸಂಗಿಲ್ಲ, ಲೈನರ್ ಅಂತ ಒಳಗೆ ಹೊಸ ಕೊಳವೆ ಕೂರಿಸ್ಬೇಕು, ಅದನ್ನ ಮಾಡಿ ಗೊತ್ತಿರೋ ಕೈ ಬೇಕು. ದುಡ್ಡು ಕಿತ್ಕೊಳ್ಳೋದು ಇಲ್ಲಿ. 2.7ರಲ್ಲಿ ಈ ತೊಂದ್ರೆ ದೊಡ್ಡ ಎಂಜಿನ್‌ಗಳಷ್ಟಿಲ್ಲ, ಅದು ನಿಮ್ಮ ಅದೃಷ್ಟ, ಆದ್ರೂ ನೋಡದೆ ತಗೋಬೇಡಿ.

ಹೆಂಗೆ ನೋಡೋದು ಅಂದ್ರೆ, ಅವರನ್ನ ಒಪ್ಪಿಸಿ ಆಯಿಲ್ ಫಿಲ್ಟರ್ ತೆಗೆಸಿ. ಒಳಗಿನ ಪೇಪರ್ ಬ್ಲೇಡಲ್ಲಿ ಕುಯ್ದು ಬಿಸಿಲಲ್ಲಿ ಬಿಡಿಸಿ ಮಡಿಕೆ ಮಡಿಕೆ ನೋಡಿ, ಆಯಸ್ಕಾಂತ ಆಡಿಸಿ, ಅಂಟ್ಕೊಳ್ಳೋ ಪುಡಿ ಸಿಕ್ರೆ ಅವತ್ತೇ ಕೈ ಮುಗಿದು ವಾಪಸ್ ಬನ್ನಿ. ಆಮೇಲೆ ಪ್ಲಗ್ ತೂತಲ್ಲಿ ಕ್ಯಾಮೆರಾ ಬಿಡಿಸಿ ಆರೂ ಸಿಲಿಂಡರ್ ನೋಡಿಸಿ. ಎಂಜಿನ್ ಪೂರ್ತಿ ತಣ್ಣಗಿರುವಾಗ ನಿಮ್ಮೆದುರೇ ಸ್ಟಾರ್ಟ್ ಮಾಡಿಸಿ. ಬಿಳಿ ಹೊಗೆ ಒಂದೇ ಸಮ ಬಂತು ಅಂದ್ರೆ ಆಯಿಲ್ ಸೆಪರೇಟರ್ (ಎಂಜಿನ್ ಒಳಗಿನ ಆವಿಯಿಂದ ಆಯಿಲ್ ಬೇರೆ ಮಾಡೋ ಪಾರ್ಟು) ಹೋಗಿರ್ಬಹುದು, ಅದಕ್ಕೆ ಗಾಬರಿ ಬೇಡ, ಬದಲಾಯ್ಸಬಹುದು.

ತಗೊಂಡ ಮೇಲೆ ವಾರಕ್ಕೆ ಒಂದ್ಸಲ ಆದ್ರೂ ಓಡಿಸಿ, ಸಂತೆಗೆ ಹೋಗಿ ಬರೋ 3 ಕಿಲೋಮೀಟರ್ ಅಲ್ಲ, ಬೇಲೂರು ತನಕ ಹೋಗಿ ಬನ್ನಿ. ಆಯಿಲ್ ಚೆನ್ನಾಗಿ ಬಿಸಿಯಾದ್ರೇನೆ ಒಳಗಿನ ನೀರಿನ ಪಸೆ ಆರೋದು. ಬಿಸಿಯಾಗೋ ತನಕ ಎಳೀಬೇಡಿ. ಒಂದ್ಸಲಕ್ಕೆ ಸುಮಾರು 8 ಲೀಟರ್ ಆಯಿಲ್ ಹಿಡಿಯತ್ತೆ, ವರ್ಷಕ್ಕೊಂದ್ಸಲ ಓಡ್ಲಿ ಬಿಡ್ಲಿ ಬದಲಾಯ್ಸಿ. ಮತ್ತೆ ಗಾಡಿ ರೇಟಿನ ಮೂರರಲ್ಲೊಂದು ಪಾಲು ಬೇರೆ ತೆಗೆದಿಡಿ, ಅದಿಲ್ದಿದ್ರೆ ಈ ವ್ಯಾಪಾರ ಈಗ ಬೇಡ ಅನ್ನೋದೇ ನನ್ನ ಅಭಿಪ್ರಾಯ.

ಸಕಲೇಶಪುರದಿಂದ:
ಮೇಲಿನೋರು ಹೇಳಿದ್ದು ಸರಿ ಇದೆ. ಎಸ್ಟೇಟ್ ಗಾಡಿ ಆಗಿರೋದ್ರಿಂದ ಸಿಲ್ವರ್ ಓಕ್ ಎಲೆ ನೋಡಿ ಸರ್. ಮುಂದಿನ ಬಂಪರ್ ಎರಡೂ ಪಕ್ಕದ ಬಾಯಿ ಒಳಗೆ ರೇಡಿಯೇಟರ್ ಇರೋದು, ಎಲೆ ಅಲ್ಲೇ ಸೇರಿ ಮಳೇಲಿ ಕೊಳೆತು ರೇಡಿಯೇಟರ್ರು, ಎಸಿ ಕಂಡೆನ್ಸರ್ರು ಎರಡನ್ನೂ ತಿಂದು ಹಾಕತ್ತೆ, ನೀರು ಸೋರಿ ಎಂಜಿನ್ ಬಿಸಿಯಾದ್ರೆ ಅಷ್ಟೇ ಕಥೆ. ಟಾಪ್ ಅರ್ಧ ಎತ್ತಿ ನಿಲ್ಸಿ ಎರಡೂ ಪಕ್ಕ ನೀರು ಇಳಿಯೋ ತೂತು ನೋಡಿ, ಕಟ್ಕೊಂಡಿದ್ರೆ ನೀರು ಸೀದಾ ಒಳಗೆ ಬರತ್ತೆ. ಮ್ಯಾಟ್ ಎತ್ತಿ ಕೈ ಇಟ್ಟು ನೋಡಿ. ಇಲಿ ವೈರ್ ಕಡಿದಿದ್ಯಾ ಅಂತನೂ ನೋಡಿ, ನಮ್ಮ ಶೆಡ್‌ನಲ್ಲಿ ಒಂದೇ ಮಳೆಗಾಲದಲ್ಲಿ ಎರಡು ಸಲ ಕಡಿದಿದ್ವು.

ಚಿಕ್ಕಮಗಳೂರಿಂದ:
ಆರ್‌ಸಿ ಯಾರೂ ಹೇಳ್ಲಿಲ್ಲ. 15 ವರ್ಷ ದಾಟಿದ ಇಂಪೋರ್ಟೆಡ್ ಕಾರಿಗೆ ರಿನ್ಯೂವಲ್ ಫೀಸೇ 40 ಸಾವಿರ ಇತ್ತು, 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ್ದಕ್ಕೆ 80 ಸಾವಿರ ಮಾಡಿದಾರೆ. 2006ರ ಗಾಡಿ ಅಂದ್ರೆ 2026ಕ್ಕೆ 20 ವರ್ಷ. ಅವರು ರಿನ್ಯೂ ಮಾಡ್ಸಿದಾರಾ, ಎಲ್ಲೀ ತನಕ ಇದೆ ಅಂತ ನೋಡ್ಕೊಂಡೇ ರೇಟ್ ಮಾತಾಡಿ.

ಮೂಡಿಗೆರೆಯಿಂದ:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಇವತ್ತೇ ಹೋಗಿ ಮ್ಯಾಟ್ ಎತ್ತಿ ನೋಡ್ದೆ, ಡ್ರೈವರ್ ಸೀಟ್ ಕಡೆ ಒದ್ದೆ ಇದೆ, ತೂತಿಂದ ಒಂದು ಹಿಡಿ ಎಲೆ ಬಂತು. ಫಿಲ್ಟರ್ ಬಿಚ್ಚಕ್ಕೆ ಅವರು ಒಪ್ಪಿದಾರೆ. ಹಾಸನದ ಅಣ್ಣ, ಭಾನುವಾರ ಬಿಡುವಿದ್ರೆ ಬರ್ತೀರಾ? ಊಟಕ್ಕೆ ಮನೇಲೇ ವ್ಯವಸ್ಥೆ ಮಾಡ್ತೀನಿ.

ಹಾಸನದಿಂದ:
ಬರ್ತೀನಿ. ಬೆಳಗ್ಗೆ 7ಕ್ಕೇ ಅಲ್ಲಿರ್ತೀನಿ, ನಾನು ಬರೋ ತನಕ ಗಾಡಿ ಸ್ಟಾರ್ಟ್ ಮಾಡಕ್ಕೆ ಬಿಡ್ಬೇಡಿ.