ಪದಚರ್ಚೆ: ಚರ್ಮ ಅಸಹಜವಾಗಿ ಕಪ್ಪಾಗುವುದಕ್ಕೆ ಏನನ್ನಬೇಕು?

ಮಾನ್ಯರೇ,
ತಾಲ್ಲೂಕು ಆಸ್ಪತ್ರೆಯೊಂದರ ಚರ್ಮರೋಗ ವಿಭಾಗದ ಗೋಡೆಗೆ ಹಾಕುವ ಮಾಹಿತಿ ಫಲಕವನ್ನು ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂದಿದ್ದು, ನಾಳೆ ಸಂಜೆಯೊಳಗೆ ಪ್ರತಿಯನ್ನು ಮುದ್ರಕರಿಗೆ ಒಪ್ಪಿಸಬೇಕಾಗಿದೆ. ‘ಹೈಪರ್‌ಪಿಗ್ಮೆಂಟೇಷನ್’ ಎಂಬ ತಲೆಬರಹದಲ್ಲೇ ಸಿಕ್ಕಿಕೊಂಡಿದ್ದೇನೆ. ಮೊದಲ ಕರಡಿನಲ್ಲಿ ಯಾರೋ ‘ಕಪ್ಪು ಚರ್ಮದ ಸಮಸ್ಯೆ’ ಎಂದು ಬರೆದಿದ್ದರು. ಹುಟ್ಟಿನಿಂದ ಕಪ್ಪಗಿರುವವರನ್ನೆಲ್ಲ ರೋಗಿಗಳ ಸಾಲಿನಲ್ಲಿ ನಿಲ್ಲಿಸುವ ಆ ಮಾತನ್ನು ಹೊಡೆದುಹಾಕಿದೆ. ‘ಅತಿವರ್ಣತೆ’ ಎಂದರೆ ಬಣ್ಣ ಹೆಚ್ಚಾಯಿತೆಂದು ತಿಳಿಯುತ್ತದೆ, ಯಾವ ಬಣ್ಣವೆಂದು ತಿಳಿಯುವುದಿಲ್ಲ. ‘ಬಂಗು’ ಎಲ್ಲರಿಗೂ ಗೊತ್ತಿರುವ ಪದ. ಆದರೆ ಅದು ಕೆನ್ನೆ, ಹಣೆ, ಮೂಗಿನ ಮೇಲಿನದು, ಫಲಕದಲ್ಲೋ ಕತ್ತು, ಕಂಕುಳು, ಒಸಡುಗಳ ಮಾತೂ ಇದೆ. ಇವೆಲ್ಲಕ್ಕೂ ಸಲ್ಲುವ ಪದವೊಂದನ್ನು ದಯವಿಟ್ಟು ಸೂಚಿಸಿ.
— ಅನುವಾದಕಿ, ಶಿವಮೊಗ್ಗ

ಪದ ಇದೆ, ಕಳೆದುಕೊಂಡವರು ನಾವು. ಹಳಗನ್ನಡದ ‘ಕಱೆ’ ಎಂದರೆ ಕಲೆ, ಕಪ್ಪು. ಶಿವನಿಗಿರುವ ‘ಕಱೆಗೊರಲ’ ಎಂಬ ಹೆಸರಿನಲ್ಲಿರುವುದು ಅದೇ. ತಮಿಳಿನಲ್ಲಿ ‘ಕಱೈ’ ಇಂದಿಗೂ ಬಳಕೆಯಲ್ಲಿದೆ. ನಾವು ಶಕಟರೇಫವನ್ನು, ಅಂದರೆ ‘ಱ’ ಅಕ್ಷರವನ್ನು, ಕೈಬಿಟ್ಟ ಮೇಲೆ ಅದು ಕೂಗಿ ಕರೆಯುವ ‘ಕರೆ’ಯೊಡನೆ ಬೆರೆತು ಮಾಸಿಹೋಯಿತು. ಮೈ ಮತ್ತು ಕರೆ ಸೇರಿ ‘ಮೈಗರೆ’ ಎಂದಾಗುತ್ತದೆ. ಚರ್ಮಕ್ಕೂ ವರ್ಣಕ್ಕೂ ಸಂಸ್ಕೃತದ ಮುಂದೆ ಕೈಯೊಡ್ಡಬೇಕಾಗಿಲ್ಲ.
— ನಿವೃತ್ತ ಕನ್ನಡ ಅಧ್ಯಾಪಕ, ಮೈಸೂರು

‘ಮೈಗರೆ’ ಎಂದು ಬರೆಸಿದರೆ ಮೈಗ್ರೇನ್ ಇರುವವರು ತಲೆ ಹಿಡಿದುಕೊಂಡು ಬಂದು ಆ ಫಲಕದ ಕೆಳಗೆ ಕೂರುತ್ತಾರೆ.

ಸುಶ್ರುತ ಸಂಹಿತೆಯ ಕ್ಷುದ್ರರೋಗಗಳಲ್ಲಿ, ಅಂದರೆ ಸಣ್ಣಪುಟ್ಟ ರೋಗಗಳ ಸಾಲಿನಲ್ಲಿ, ‘ವ್ಯಂಗ’ ಬರುತ್ತದೆ: ‘ನೀರುಜಂ ತನುಕಂ ಶ್ಯಾವಂ’, ಅಂದರೆ ನೋವಿಲ್ಲದ, ತೆಳುವಾದ, ಕಪ್ಪಗಿನ ಮಂಡಲ. ಮುಖಕ್ಕೆ ವ್ಯಂಗ, ಅದೇ ಬಗೆಯ ಕಪ್ಪು ಮೈಮೇಲೆ ಬಂದರೂ ಸಲ್ಲುವ ‘ನೀಲಿಕಾ’ ಎಂಬ ಹೆಸರೂ ಅಲ್ಲೇ ಸಿಗುತ್ತದೆ. ವ್ಯವಸಾಯವು ಬೇಸಾಯವಾದಂತೆ, ವ್ಯಾಘ್ರವು ಬಗ್ಗವಾದಂತೆ ವ್ಯಂಗವು ಬಂಗು ಆಗಿದೆ, ಮರಾಠಿಯಲ್ಲಿ ‘ವಾಂಗ’ ಆಗಿದೆ. ಬಂಗನ್ನೇ ಮೈಗೆಲ್ಲ ವಿಸ್ತರಿಸಿ ಬಳಸಬಹುದು. ಬೇಡವೆಂದರೆ ‘ನೀಲಿಕೆ’ ಎನ್ನಿ.
— ಆಯುರ್ವೇದ ವಿದ್ಯಾರ್ಥಿ, ಉಡುಪಿ

ತಾವು ಹೇಳಿದ ವ್ಯುತ್ಪತ್ತಿ ಅರ್ಧ ಸತ್ಯವೂ ಅಲ್ಲ. ನಮ್ಮ ಗಡಿಭಾಗದ ತೆಲುಗರು ಬಂಗನ್ನು ‘ಮಂಗು’ ಎನ್ನುತ್ತಾರೆ, ತಮಿಳರೂ ‘ಮಂಗು’ ಎನ್ನುತ್ತಾರೆ; ತಮಿಳಿನ ‘ಮಂಗು’ ಧಾತುವಿಗೆ ಬೆಳಕು ಕುಂದು, ಮಂಕಾಗು ಎಂಬ ಅರ್ಥವಿದೆ, ನಮ್ಮ ‘ಮಂಕು’ ಕೂಡ ಅದರ ನಂಟೇ. ಮನೆಯಲ್ಲೇ ಹುಟ್ಟಿದ ಮಗುವಿಗೆ ಸಂಸ್ಕೃತದ ತಂದೆಯನ್ನು ಹುಡುಕುವುದು ಹಳೆಯ ಚಾಳಿ.
— ಓದುಗ, ಬಳ್ಳಾರಿ

ಮಕಾರವು ಬಕಾರವಾದದ್ದಕ್ಕೆ ಎರಡು ಉದಾಹರಣೆ ಕೊಡಿ, ಆಮೇಲೆ ಚಾಳಿಯ ಮಾತಾಡೋಣ.
— ಆಯುರ್ವೇದ ವಿದ್ಯಾರ್ಥಿ, ಉಡುಪಿ

ಬಂಗಿನ ಮೂಲ ಯಾವುದಾದರೂ ಆಗಲಿ, ಅದನ್ನು ಮೈಗೆಲ್ಲ ವಿಸ್ತರಿಸಬೇಡಿ. ಬಂಗು ಎಂದು ಕೇಳಿದ ಕೂಡಲೇ ಜನ ಔಷಧದ ಅಂಗಡಿಯಿಂದ ಕ್ರೀಮ್ ತಂದು ಹಚ್ಚಿಕೊಂಡು ಸುಮ್ಮನಾಗುತ್ತಾರೆ. ಬಿಸಿಲು, ಬಸಿರು, ಗರ್ಭನಿರೋಧಕ ಮಾತ್ರೆಗಳಿಂದ ಬರುವ ನಿಜವಾದ ಬಂಗಿಗೇ ಅದು ಸರಿಯಲ್ಲ, ಉಳಿದವಕ್ಕಂತೂ ಅಪಾಯ. ಮೊನ್ನೆ ತಾಯಿಯೊಬ್ಬರು ಮಗಳ ಕತ್ತಿನ ಕಪ್ಪನ್ನು ಕೊಳೆಯೆಂದು ತಿಳಿದು, ಎಣ್ಣೆನೀರಿನ ದಿನವೆಲ್ಲ ತೆಂಗಿನ ನಾರಿನಿಂದ ಉಜ್ಜಿ ಉಜ್ಜಿ ತರಚುಗಾಯ ಮಾಡಿ ಕರೆತಂದಿದ್ದರು. ಮಖಮಲ್ಲಿನಂತೆ ದಪ್ಪಗಾಗಿ ಕಪ್ಪಾಗುವ ಆ ಸ್ಥಿತಿ ಅಕ್ಯಾಂಥೋಸಿಸ್ ನೈಗ್ರಿಕನ್ಸ್. ಹೆಚ್ಚಿನವರಲ್ಲಿ ಅದು ಇನ್ಸುಲಿನ್ ಪ್ರತಿರೋಧದ, ಅಂದರೆ ಮೈ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸದಿರುವುದರ, ಗುರುತಾದ್ದರಿಂದ ನೋಡಬೇಕಾದದ್ದು ರಕ್ತದ ಸಕ್ಕರೆಯನ್ನು. ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ಸೋತಾಗ ಚರ್ಮ ಕಂಚಿನ ಬಣ್ಣಕ್ಕೆ ತಿರುಗುವುದನ್ನು ಇಂಗ್ಲಿಷ್ ವೈದ್ಯ ಥಾಮಸ್ ಅಡಿಸನ್ 1855ರಲ್ಲೇ ವಿವರಿಸಿದ್ದರು. ಅದರಲ್ಲಿ ಒಸಡು, ಅಂಗೈಗೆರೆಗಳೂ ಕಪ್ಪಾಗುತ್ತವೆ. ಬಿ12 ಕೊರತೆಯಲ್ಲಿ ಬೆರಳಿನ ಗೆಣ್ಣುಗಳು ಕಪ್ಪಾಗುವುದುಂಟು.

ಈ ರೋಗಿಗಳು ಯಾರೂ ನನ್ನೆದುರು ನಾಮಪದ ಹೇಳುವುದಿಲ್ಲ. ‘ಕತ್ತು ಕಪ್ಪುಗಟ್ಟಿದೆ’ ಎನ್ನುತ್ತಾರೆ. ಹೆಪ್ಪುಗಟ್ಟುವುದು, ಕೀವುಗಟ್ಟುವುದು ಇರುವ ಭಾಷೆಯಲ್ಲಿ ಕಪ್ಪುಗಟ್ಟುವುದೂ ಇದೆ. ಮೊದಲು ಇಲ್ಲದ್ದು ಈಗ ಬಂದು ನಿಂತಿದೆ ಎಂಬುದನ್ನು ಆ ‘ಕಟ್ಟು’ ಹೇಳುತ್ತದೆ. ಆದ್ದರಿಂದ ಹುಟ್ಟುಬಣ್ಣಕ್ಕೆ ಈ ಮಾತು ತಗಲುವುದೇ ಇಲ್ಲ.
— ಚರ್ಮವೈದ್ಯೆ, ಹುಬ್ಬಳ್ಳಿ

ಡಾಕ್ಟರಿಗೆ ವಿಶೇಷ ವಂದನೆಗಳು. ‘ಚರ್ಮ ಕಪ್ಪುಗಟ್ಟುವಿಕೆ’ ಎಂಬ ತಲೆಬರಹವನ್ನೇ ಇಟ್ಟು, ಕೆಳಗೆ ಸಣ್ಣ ಅಕ್ಷರದಲ್ಲಿ ‘ಹೈಪರ್‌ಪಿಗ್ಮೆಂಟೇಷನ್’ ಎಂದು ಸೇರಿಸಿದ್ದೇನೆ, ಏಕೆಂದರೆ ರೋಗಿಯ ಕೈಯಲ್ಲಿರುವ ಚೀಟಿಯಲ್ಲಿ ಇರುವುದು ಆ ಪದವೇ. ಬಂಗು ಮುಖದ ಚಿತ್ರದ ಪಕ್ಕದಲ್ಲಿ ಉಳಿದಿದೆ. ಕತ್ತಿನ ಚಿತ್ರದ ಕೆಳಗೆ ‘ಇದು ಕೊಳೆಯಲ್ಲ, ಉಜ್ಜಬೇಡಿ’ ಎಂಬ ಸಾಲನ್ನು ಆಸ್ಪತ್ರೆಯವರ ಒಪ್ಪಿಗೆ ಪಡೆದು ಹಾಕಿದ್ದೇನೆ. ‘ಕಱೆ’ಯ ವಿಚಾರ ತಿಳಿಸಿದ ಹಿರಿಯರಿಗೆ ಕೃತಜ್ಞಳು, ಶಕಟರೇಫವನ್ನು ಅಚ್ಚು ಹಾಕುವ ಫಾಂಟ್ ಮುದ್ರಕರಲ್ಲಿ ಇಲ್ಲ.
— ಅನುವಾದಕಿ, ಶಿವಮೊಗ್ಗ

‘ಕಪ್ಪುಗಟ್ಟು’ ಅಚ್ಚಗನ್ನಡ, ಒಪ್ಪಿದೆ. ಅದರ ಮುಂದೆ ‘ಚರ್ಮ’ ಏಕೆ? ತೊಗಲು ಎನ್ನಿ.
— ನಿವೃತ್ತ ಕನ್ನಡ ಅಧ್ಯಾಪಕ, ಮೈಸೂರು

ತೊಗಲು ಗೊಂಬೆಗೆ ಇರಲಿ ಸರ್. ರೋಗಿಗೆ ಬೇಡ.
— ಚರ್ಮವೈದ್ಯೆ, ಹುಬ್ಬಳ್ಳಿ