ಟೋಕಮಾಕ್ ಬೇಯಿಸೋಕೆ ಇಷ್ಟು ತಿಂಗಳು ಬೇಕಾ?

ಅಣು_ಅಣ್ಣ:
ಟೋಕಮಾಕ್ ಅಂದರೆ ಹೈಡ್ರೋಜನ್ ಅನಿಲವನ್ನು ವಿಪರೀತ ಕಾಯಿಸಿ ಪ್ಲಾಸ್ಮಾ (ವಿದ್ಯುತ್ ಹರಿಯುವ ಅಯಾನು ಅನಿಲ) ಮಾಡಿ, ಅಯಸ್ಕಾಂತ ಸುರುಳಿಗಳ ನಡುವೆ ಹಿಡಿದಿಡುವ ಪರಮಾಣು ಸಮ್ಮಿಳನದ ಯಂತ್ರ. ಅಂಥದ್ದೇ ಒಂದು, ಜಪಾನಿನ ನಾಕಾದಲ್ಲಿರುವ ಜೆಟಿ-60ಎಸ್‌ಎ 2023ರ ಅಕ್ಟೋಬರ್ 23ರಂದು ಮೊದಲ ಪ್ಲಾಸ್ಮಾ ಕಂಡಿತು. ಆ ಸುತ್ತು ಮುಗಿದ ಮೇಲೆ ಪಾತ್ರೆ ತೆರೆದು, ಮುಂದಿನ ಸುತ್ತಿಗೆ ಬೇಕಾದ ಹೊಸ ಸುರುಳಿ, ಡೈವರ್ಟರ್ (ಪ್ಲಾಸ್ಮಾದ ಕೊಳೆ, ಶಾಖ ಹೊರಹಾಕುವ ಭಾಗ), ಅತಿ ಚಳಿಯಿಂದ ಅನಿಲ ಹಿಡಿಯುವ ಕ್ರಯೋಪಂಪ್‌ಗಳನ್ನು ಒಳಗೆ ಕೂರಿಸುವ ಕೆಲಸ ಹಿಡಿದರು. ಕೂರಿಸಿದ ಮಾತ್ರಕ್ಕೆ ಸ್ವಿಚ್ ಒತ್ತುವ ಹಾಗಿಲ್ಲ. ಪಾತ್ರೆ ಮುಚ್ಚಬೇಕು, ಗಾಳಿ ಎಳೆಯಬೇಕು, ಸೋರಿಕೆ ಹುಡುಕಬೇಕು. ಎರಡು ಗೋಡೆಗಳ ನಡುವೆ ಬಿಸಿ ನೈಟ್ರೋಜನ್ ಹರಿಸಿ ಇಡೀ ಪಾತ್ರೆಯನ್ನು 200 ಡಿಗ್ರಿಗೆ ಬೇಯಿಸಬೇಕು. ಅದರ ಸುತ್ತಲಿನ ಸುರುಳಿಗಳು ಮಾತ್ರ ಹೀಲಿಯಂನಲ್ಲಿ ಮೈನಸ್ 269 ಡಿಗ್ರಿಯ ಹತ್ತಿರ ಇಳಿಯಬೇಕು. ಜನ ಪ್ಲಾಸ್ಮಾ ಎಷ್ಟು ಹೊತ್ತು ನಿಂತಿತು ಅನ್ನೋ ದಾಖಲೆಯ ಸೆಕೆಂಡುಗಳನ್ನು ಎಣಿಸುತ್ತಾರೆ. ನಿಜವಾದ ಪ್ರಯೋಗ ನಡೆಯೋದು ಈ ತಿಂಗಳುಗಳಲ್ಲೇ ಅಂತ ನನ್ನ ವಾದ.

ಕಡಕ್_ಧಾರವಾಡ:
"ನಿಜವಾದ ಪ್ರಯೋಗ" ಅಂತ್ರೀ? ಚಪ್ಪರಾ ಹಾಕೂದನ್ನ ಮದುವಿ ಅಂತ ಕರದಂಗಾತು. ಚೀನಾದ ಈಸ್ಟ್ ಅನ್ನೂ ಟೋಕಮಾಕ್ 2025ರ ಜನವರಿಯಾಗ 1066 ಸೆಕೆಂಡ್ ಓಡಿತು. ಫೆಬ್ರವರಿಯಾಗ ಫ್ರಾನ್ಸಿನ ವೆಸ್ಟ್ 1337 ಸೆಕೆಂಡ್. ಅವ್ರು ಸೆಕೆಂಡ್ ಎಣಸ್ಲಿಕ್ಕತ್ತಾರ, ನೀವು ತಿಂಗಳಾ ಎಣಕೋತ ಕುಂದರ್ರಿ.

ಅಣು_ಅಣ್ಣ:
ವೆಸ್ಟ್ ಯಾವ ಯಂತ್ರ ಗೊತ್ತಾ ಸ್ವಾಮಿ? 1988ರಿಂದ ಇದ್ದ ತೋರ್ ಸುಪ್ರಾ. ಒಳಗಿನ ಕಾರ್ಬನ್ ಕಿತ್ತು ಟಂಗ್‌ಸ್ಟನ್ ಹಾಕಿ 2016ರ ಡಿಸೆಂಬರ್‌ನಲ್ಲಿ ಮತ್ತೆ ಶುರು ಮಾಡಿದರು. 1337 ಸೆಕೆಂಡ್ ಬಂದಿದ್ದು ಅದಾಗಿ ಎಂಟು ವರ್ಷಕ್ಕೆ. ನಿಮ್ಮ ಉದಾಹರಣೆ ನನ್ನ ಪರವಾಗೇ ಇದೆ.

ಕಡಕ್_ಧಾರವಾಡ:
ಎಂಟು ವರ್ಷ! ನೀವ ಹೇಳಿದ್ರಿ, ನಾ ಅಲ್ಲ.

ಶಾಂತಕ್ಕ_ಪುತ್ತೂರು:
ವರ್ಷದ ಲೆಕ್ಕ ಆಮೇಲೆ ನೋಡುವ ಮಾರಾಯ್ರೆ. "ಬೇಯಿಸಬೇಕು" ಅಂತ ಬರೆದಿದ್ದೀರಲ್ಲ, ಅದೇ ತಪ್ಪು. ಬೇಯಿಸಲಿಕ್ಕೆ ನೀರು ಬೇಕು. ಇಲ್ಲಿ ಮಾಡುವುದು ಗೋಡೆಗೆ ಅಂಟಿದ ನೀರನ್ನು ಓಡಿಸುವ ಕೆಲಸ. ಅದಕ್ಕೆ ಕನ್ನಡದಲ್ಲಿ ಹುರಿಯುವುದು ಅಂತ ಚಂದದ ಶಬ್ದ ಉಂಟು.

ಪದಪರೀಕ್ಷಕ:
ಹುರಿಯುವುದಕ್ಕೆ ಕೈಯಾಡಿಸಬೇಕು. ಟೋಕಮಾಕ್ ಒಳಗೆ ಸೌಟು ಹಿಡಿದು ಯಾರು ನಿಂತಿರ್ತಾರೆ? ಬ್ರೆಡ್ಡನ್ನು ಬೇಯಿಸ್ತಾರೆ ಅಂತೀವಲ್ಲ, ನೀರಲ್ಲಿ ಮುಳುಗಿಸ್ತೀವಾ?

ಶಾಂತಕ್ಕ_ಪುತ್ತೂರು:
ಹಿಟ್ಟು ಕಲಸುವಾಗ ನೀರು ಹಾಕಿರ್ತಾರೆ. ಅಡುಗೆಮನೆಗೆ ಒಮ್ಮೆ ಹೋಗಿ ನೋಡಿ.

ಪದಪರೀಕ್ಷಕ:
ವಾದ ಖಾಲಿಯಾದಾಗ ಅಡುಗೆಮನೆ ತೋರಿಸೋದು ಹಳೇ ಚಾಳಿ. ಹಪ್ಪಳ ಸುಡ್ತೀವಿ, ಇಟ್ಟಿಗೆ ಸುಡ್ತೀವಿ. ಇಟ್ಟಿಗೆ ಗೂಡಲ್ಲೂ ಮೊದಲು ಹೋಗೋದು ನೀರೇ. ನಿಮ್ಮ ಲೆಕ್ಕದಲ್ಲಿ ಅದನ್ನೂ ಹುರಿಯೋದಾ?

ಪೀಣ್ಯ_ಪಂಪು:
ನಾನು ನಿರ್ವಾತ ಕುಲುಮೆ ಕೆಲಸದವನು. ವರ್ಕ್‌ಶಾಪಲ್ಲಿ ಎಲ್ಲರೂ "ಬೇಕ್ ಮಾಡೋದು" ಅಂತೀವಿ, ಯಾರಿಗೂ ತೊಂದರೆ ಆಗಿಲ್ಲ. ನೀರು ಏನು ಮಾಡುತ್ತೆ ಅನ್ನೋದು ಮುಖ್ಯ. ಮಳೆಗಾಲದಲ್ಲಿ ಕುಲುಮೆ ಬಾಗಿಲು ಅರ್ಧ ದಿನ ತೆಗೆದಿಟ್ಟರೆ, ಎರಡು ಗಂಟೆಯಲ್ಲಿ ಇಳಿಯೋ ಒತ್ತಡ ರಾತ್ರಿಯಿಡೀ ಪಂಪ್ ಓಡಿದರೂ ಇಳಿಯಲ್ಲ. ಕಣ್ಣಿಗೆ ಉಕ್ಕು ಒಣಗಿದ ಹಾಗೇ ಇರುತ್ತೆ, ಮೈಮೇಲೆ ಆವಿ ಪದರ ಕೂತಿರುತ್ತೆ. ಟೋಕಮಾಕ್‌ನಲ್ಲಿ ಆ ನೀರು ಪ್ಲಾಸ್ಮಾಕ್ಕೆ ಸೇರಿದರೆ ಆಮ್ಲಜನಕ ಶಾಖವನ್ನೆಲ್ಲ ಬೆಳಕಾಗಿ ಚೆಲ್ಲಿಬಿಡುತ್ತೆ. ಒಳಗಿರೋ ಇಂಧನ ಒಂದು ಗ್ರಾಂಗಿಂತ ಎಷ್ಟೋ ಕಡಿಮೆ. ಅಷ್ಟು ತೆಳುವಾದದ್ದಕ್ಕೆ ಕೊಳೆ ಎಷ್ಟು ಸೇರಿದರೂ ಜಾಸ್ತಿಯೇ.

ಇನ್ನು ಸೋರಿಕೆ. ಒಂದು ಸಲ ಮೂರು ದಿನ ಹುಡುಕಿದೆವು. ಹೀಲಿಯಂ ಸಿಲಿಂಡರಿನ ಸಣ್ಣ ಕೊಳವೆ ಹಿಡಿದು ಬೆಸುಗೆ ಬೆಸುಗೆಗೂ, ನಟ್ಟು ನಟ್ಟಿಗೂ ಊದುತ್ತಾ ಬರೋದು, ಇನ್ನೊಬ್ಬ ಡಿಟೆಕ್ಟರ್ ಮುಂದೆ ಕೂತು ಮುಳ್ಳು ನೋಡೋದು. ಕೊನೆಗೆ ಮುಳ್ಳು ಹಾರಿದ್ದು ಎಲ್ಲಿ? ಬಾಗಿಲ ಸಂದು ಮುಚ್ಚೋ ಓ-ರಿಂಗ್ ಬಳೆ ಮೇಲೆ ಅಡ್ಡ ಬಿದ್ದಿದ್ದ ಒಂದು ತಲೆಗೂದಲು. ಬೋಳುತಲೆಯ ನಮ್ಮ ಫೋರ್‌ಮನ್‌ಗೆ ಆವತ್ತು ಆದ ಖುಷಿ ಕೇಳಬೇಡಿ.

ಕಡಕ್_ಧಾರವಾಡ:
ಒಂದು ಕೂದಲಕ್ಕ ಮೂರು ದಿನಾ ನಿಲ್ಲೂ ಮಷೀನು ನಾಳೆ ಊರಿಗೆ ಕರೆಂಟ್ ಕೊಡತೈತಿ? ನಂಬಬೇಕಾ?

ಪೀಣ್ಯ_ಪಂಪು:
ನಿಂತದ್ದು ನಮ್ಮ ಕುಲುಮೆ, ಟೋಕಮಾಕ್ ಅಲ್ಲ. ಓದಿ ಬರೀರಿ.

ಅಣು_ಅಣ್ಣ:
ಆತುರಪಟ್ಟರೆ ಏನಾಗುತ್ತೆ ಅಂತ ಇದೇ ಜೆಟಿ-60ಎಸ್‌ಎ ತೋರಿಸಿದೆ. 2021ರ ಮಾರ್ಚ್‌ನಲ್ಲಿ ಸುರುಳಿಗಳಿಗೆ ಕರೆಂಟ್ ಹಾಯಿಸಿ ನೋಡುವಾಗ ಇಎಫ್1 ಅನ್ನೋ ಸುರುಳಿಗೆ ತಂತಿ ಸೇರುವ ಜಾಯಿಂಟಿನ ನಿರೋಧಕ ಹೊದಿಕೆ ಸಾಲದೆ ಕಿಡಿ ಹಾರಿತು. ಹೀಲಿಯಂ ಸೋರಿ ಸುರುಳಿಗಳ ಚಳಿ ಕಾಯುವ ಹೊರಗಿನ ಕ್ರಯೋಸ್ಟಾಟ್ ಪಾತ್ರೆಗೆ ತುಂಬಿತು. ಹೊದಿಕೆಗಳನ್ನು ಸರಿಪಡಿಸಿ ಪ್ಲಾಸ್ಮಾ ಕಾಣೋವಷ್ಟರಲ್ಲಿ ಎರಡೂವರೆ ವರ್ಷ ಕಳೆಯಿತು. ಮತ್ತೆ ಹಾಗಾಗಬಾರದು ಅಂತ ಪಾಶೆನ್ ಪರೀಕ್ಷೆ ಮಾಡಿದರು, ಅಂದರೆ ಬೇಕಂತಲೇ ತೆಳು ಅನಿಲ ಬಿಟ್ಟು ವೋಲ್ಟೇಜ್ ಏರಿಸಿ ನೋಡೋದು. ತುಂಬು ಗಾಳಿಯಲ್ಲೂ ಒಳ್ಳೆಯ ನಿರ್ವಾತದಲ್ಲೂ ಹಾರದ ಕಿಡಿ, ನಡುವಿನ ತೆಳು ಅನಿಲದಲ್ಲಿ ಸುಲಭವಾಗಿ ಹಾರುತ್ತೆ.

ಕಡಕ್_ಧಾರವಾಡ:
ಅಂದ್ರ ಕೆಟ್ಟಿದ್ದು ತಯಾರಿ ಮಾಡೂವಾಗನ! ಪ್ರಯೋಗದಾಗ ಅಲ್ಲ! ತಯಾರಿ ಕಡಿಮಿ ಮಾಡ್ರಿ ಅಂತ ನಾ ಹೇಳೂದು ಅದಕ್ಕ.

ಅಣು_ಅಣ್ಣ:
ದೇವರೇ. ಪರೀಕ್ಷೆಯಲ್ಲಿ ರೋಗ ಸಿಕ್ಕಿತು ಅಂತ ಪರೀಕ್ಷೆಯನ್ನೇ ಬೈತೀರಾ?

ಹಾಸನದ_ಹುಡುಗ:
ಜೆಟಿ-60 ಬಿಡಿ, ಇಂಗ್ಲೆಂಡಿನ ಜೆಟ್ ಅನ್ನೋ ಟೋಕಮಾಕ್ 2023ರಲ್ಲಿ 69 ಮೆಗಾಜೂಲ್ ಶಕ್ತಿ ಕೊಟ್ಟಿತಲ್ಲ. ಅದೂ 0.2 ಮಿಲಿಗ್ರಾಂ ಇಂಧನದಿಂದ.

ಕಡಕ್_ಧಾರವಾಡ:
69 ಮೆಗಾಜೂಲ್ ಅಂದ್ರ 19 ಯೂನಿಟ್. ನಮ್ಮ ಮನಿ ಗೀಸರ್ ಒಂದು ವಾರದಾಗ ತಿಂತೈತಿ.

ಹಾಸನದ_ಹುಡುಗ:
0.2 ಮಿಲಿಗ್ರಾಂ ಅನ್ನೋದನ್ನ ಓದಲೇ ಇಲ್ಲ ನೋಡಿ.

ಗಾಂಧಿನಗರ_ಗೆಳೆಯ:
ನಮ್ಮ ದೇಶದ್ದನ್ನೂ ಹೇಳಿ. ಇಲ್ಲೇ ಗುಜರಾತಿನ ಭಾಟ್‌ನಲ್ಲಿ ಆದಿತ್ಯ ಟೋಕಮಾಕ್ 1989ರಿಂದ ಇದೆ. ಪಕ್ಕದ ಎಸ್‌ಎಸ್‌ಟಿ-1 ಮೊದಲ ಪ್ರಯತ್ನದಲ್ಲಿ ಕೈಕೊಟ್ಟ ಮೇಲೆ ಸುರುಳಿಗಳನ್ನು ಬಿಚ್ಚಿ, ಒಂದೊಂದನ್ನೇ ತಣಿಸಿ ಪರೀಕ್ಷಿಸಿ ಮತ್ತೆ ಜೋಡಿಸಿದರು. 2013ರಲ್ಲಿ ಪ್ಲಾಸ್ಮಾ ಬಂತು. ಸಿದ್ಧತೆ ಅಂದರೆ ಅದು.

ಶಾಂತಕ್ಕ_ಪುತ್ತೂರು:
ಸಂತೋಷ. ಅಲ್ಲಿಯೂ ಹುರಿದೇ ಹುರಿದಿರ್ತಾರೆ.

ಪದಪರೀಕ್ಷಕ:
ಬೇಯಿಸಿರ್ತಾರೆ.

ಕಾವಲಿ_ಕಮಲಮ್ಮ:
ಇಬ್ಬರೂ ಸುಮ್ಮನಿರಿ. ಇದು ಪಳಗಿಸೋದು. ಹೊಸ ಕಬ್ಬಿಣದ ಕಾವಲಿ ತಂದ ದಿನವೇ ದೋಸೆ ಹುಯ್ದರೆ ಏಳುತ್ತಾ? ತೊಳೆದು, ಕಾಯಿಸಿ, ಎಣ್ಣೆ ಸವರಿ, ಅರ್ಧ ಈರುಳ್ಳಿಯಲ್ಲಿ ಉಜ್ಜಿ, ಆರಿಸಿ, ಮತ್ತೆ ಕಾಯಿಸಬೇಕು. ಆದರೂ ಮೊದಲ ನಾಲ್ಕು ದೋಸೆ ಹರಿದೇ ಹರಿಯುತ್ತೆ. ನನ್ನ ಮಗ ಹೇಳಿದ ಪ್ರಕಾರ ಟೋಕಮಾಕ್‌ಗೂ ಹಾಗೇ: ಕಾಯಿಸೋದು ಮೊದಲ ಹಂತ, ಆಮೇಲೆ ಗ್ಲೋ ಡಿಸ್ಚಾರ್ಜ್ ಅಂತ ತೆಳು ಅನಿಲಕ್ಕೆ ಕರೆಂಟ್ ಕೊಟ್ಟು ಅಯಾನುಗಳಿಂದ ಗೋಡೆ ಉಜ್ಜೋದು, ಕೆಲವು ಕಡೆ ಬೋರಾನ್ ಪದರ ಬಳಿಯೋದು. ಇದೆಲ್ಲ ಸೇರಿದರೆ ಪಳಗಿಸೋದೇ.

ಪೀಣ್ಯ_ಪಂಪು:
ಅಮ್ಮಾ, "ಎಣ್ಣೆ ಸವರಿ" ಅಂದ್ರಲ್ಲ, ನಿರ್ವಾತ ಪಾತ್ರೆಯಲ್ಲಿ ಬೆರಳಚ್ಚಿನ ಜಿಡ್ಡೂ ಇರಬಾರದು. ಕೈಗವಸಿಲ್ಲದೆ ಮುಟ್ಟಿದರೆ ನಮ್ಮಲ್ಲಿ ಬೈಗುಳ. ನಿಮ್ಮ ಕಾವಲಿ ಅಲ್ಲಿ ನಡೆಯಲ್ಲ.

ಕಾವಲಿ_ಕಮಲಮ್ಮ:
ಎಣ್ಣೆ ಬದಲು ಬೋರಾನ್ ಅಂತ ಹೇಳಿದೆನಲ್ಲಪ್ಪ.

ಪದಪರೀಕ್ಷಕ:
ಬೋರಾನ್ ಪದರಕ್ಕೆ ಸಾಮಾನ್ಯವಾಗಿ ಬಳಸೋದು ಡೈಬೋರೇನ್, ವಿಷಾನಿಲ. ಅಡುಗೆಮನೆ ಹೋಲಿಕೆ ಅಲ್ಲಿಗೆ ಮುಗೀತು.

ಶಾಂತಕ್ಕ_ಪುತ್ತೂರು:
ನಿಮ್ಮ "ಬೇಯಿಸುವುದು" ಮುಗಿದು ಎಷ್ಟು ಹೊತ್ತಾಯ್ತು! ಕಮಲಮ್ಮನವರು "ಕಾಯಿಸೋದು" ಅಂದರು, ಅದಕ್ಕೆ ನಿಮ್ಮದು ಚಕಾರ ಇಲ್ಲ.

ಪದಪರೀಕ್ಷಕ:
ಹಾಲು ಕಾಯಿಸ್ತೀವಿ, ಹಾಲಿಂದ ನೀರು ಓಡಿಸೋಕಾ? ಹುರಿಯೋದು ಅಂತ ಯಾವುದಾದರೂ ಪಠ್ಯದಲ್ಲಿದ್ದರೆ ತೋರಿಸಿ. ಇಲ್ಲದಿದ್ದರೆ ಮಾತು ನಿಲ್ಲಿಸಿ.

ಶಾಂತಕ್ಕ_ಪುತ್ತೂರು:
"ಮಾತು ನಿಲ್ಲಿಸಿ" ಅನ್ನಲಿಕ್ಕೆ ನೀವು ಯಾರು? ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ್ದೇನೆ. ಮಕ್ಕಳಿಗೆ ಅರ್ಥ ಆಗುವ ಶಬ್ದವೇ ಸರಿಯಾದ ಶಬ್ದ.

ಪದಪರೀಕ್ಷಕ:
ಸರಿ ಟೀಚರ್, ನಿಲ್ಲಿಸಿ ಅಂದಿದ್ದು ಜಾಸ್ತಿಯಾಯ್ತು. ಶಬ್ದ ಮಾತ್ರ ಈಗಲೂ ತಪ್ಪೇ.

ಅಣು_ಅಣ್ಣ:
ನಾನು ಬರೆದದ್ದು ಸುರುಳಿ, ಸೋರಿಕೆ, ಕ್ರಯೋಪಂಪ್. ನಡೀತಿರೋದು ಸೌಟು, ಕಾವಲಿ, ಈರುಳ್ಳಿ. ಹಲವು ದೇಶಗಳು ಸೇರಿ ಫ್ರಾನ್ಸಿನಲ್ಲಿ ಕಟ್ಟುತ್ತಿರುವ ದೊಡ್ಡ ಟೋಕಮಾಕ್ ಇಟರ್ ಕೂಡ ಒಳಗೋಡೆಯನ್ನು ಬೆರಿಲಿಯಂನಿಂದ ಟಂಗ್‌ಸ್ಟನ್‌ಗೆ ಬದಲಿಸಿಕೊಂಡು, ಅದಕ್ಕೆಂದೇ ಬೋರಾನ್ ಬಳಿಯುವ ವ್ಯವಸ್ಥೆ ಸೇರಿಸಿದೆ. ಸಂಶೋಧನೆ ಶುರುವಾಗೋದು 2034ಕ್ಕೆ ಅಂತ ಹೊಸ ವೇಳಾಪಟ್ಟಿ. ಅದರ ಬಗ್ಗೆ ಯಾರಾದರೂ ಮಾತಾಡ್ತೀರಾ?

ಕಡಕ್_ಧಾರವಾಡ:
2034! ಮುಂದ ಹೇಳೂದು ಬ್ಯಾಡ ಬಿಡ್ರಿ, ನಾ ಗೆದ್ದೆ.

ಹಾಸನದ_ಹುಡುಗ:
ತಂಗಿ ಶಾಲೆಯ ಗೋಡೆಪತ್ರಿಕೆಗೆ ಇದನ್ನೇ ಬರೀತಿದ್ದಾಳೆ. 200 ಡಿಗ್ರಿ ಹಂತಕ್ಕೆ ಏನಂತ ಬರೆಯೋದು ಅಂತ ಕೇಳ್ತಿದ್ದಾಳೆ. ದಯವಿಟ್ಟು ಒಂದೇ ಶಬ್ದ ಹೇಳಿ.

ಶಾಂತಕ್ಕ_ಪುತ್ತೂರು:
ಹುರಿಯುವುದು.

ಪದಪರೀಕ್ಷಕ:
ಬೇಯಿಸುವುದು.

ಪೀಣ್ಯ_ಪಂಪು:
ಬೇಕ್ ಮಾಡೋದು ಅಂತ ಬರೀಲಿ ಬಿಡಿ.

ಕಾವಲಿ_ಕಮಲಮ್ಮ:
ಮೊದಲು ಆ ಹುಡುಗಿಗೆ ಊಟ ಆಯ್ತಾ ಕೇಳಪ್ಪ.