ಬೂಸ್ಟ್, ಲ್ಯಾಗ್, ನಾಕಿಂಗ್, ವೇಸ್ಟ್‌ಗೇಟ್: ಗ್ಯಾರೇಜಿನಲ್ಲಿ ನಿಜಕ್ಕೂ ಏನಂತಾರೆ?

ಎಲ್ಲರಿಗೂ ನಮಸ್ಕಾರ.

ಮೆಲ್ಬರ್ನ್‌ನಲ್ಲಿರುವ ನನ್ನ ಅಕ್ಕನ ಮಗ ಹಳೆಯ ಟೊಯೊಟಾ ಸುಪ್ರಾ ಕಾರೊಂದನ್ನು ಕೊಂಡು, ಅದರ ಜೋಡಿ ಟರ್ಬೊ (ಹೊಗೆಯ ರಭಸದಿಂದಲೇ ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಸಾಧನ) ಬಿಚ್ಚಿ ಒಂದೇ ದೊಡ್ಡ ಟರ್ಬೊ ಕೂರಿಸುವ ಕೆಲಸವನ್ನು ಮನೆಯ ಷೆಡ್ಡಿನಲ್ಲೇ ಶುರು ಮಾಡಿದ್ದಾನೆ. ಅದನ್ನೆಲ್ಲ ಕನ್ನಡದಲ್ಲಿ ವಿಡಿಯೊ ಮಾಡುವ ಹುಮ್ಮಸ್ಸೂ ಇದೆ. 'ಮಾತುಗಳನ್ನ ಸ್ವಲ್ಪ ತಿದ್ದಿಕೊಡಿ ಮಾಮ' ಎಂದು ಬರಹ ಕಳಿಸಿದ. ಇಂಗ್ಲಿಷಿನಲ್ಲಿ ಬರೆದು ಯಂತ್ರಾನುವಾದಕ್ಕೆ ಹಾಕಿದ್ದ ಅಂತ ಕಾಣುತ್ತೆ. ಟರ್ಬೊಚಾರ್ಜರ್ 'ಟರ್ಬೊ ಆವೇಶಕ' ಆಗಿತ್ತು, ವೇಸ್ಟ್‌ಗೇಟ್ 'ತ್ಯಾಜ್ಯ ದ್ವಾರ' ಆಗಿತ್ತು, ಕೆಲಸದ ಹೆಸರೇ 'ಎಂಜಿನ್ ಮೇಲ್ದರ್ಜೆಗೇರಿಸುವಿಕೆ'. ತಾಲ್ಲೂಕು ಆಸ್ಪತ್ರೆಯನ್ನು ಮೇಲ್ದರ್ಜೆಗೇರಿಸಿದ ಸುದ್ದಿ ಓದಿದ ಹಾಗಾಯಿತು.

ಕೆಲವನ್ನು ತಿದ್ದಿದ್ದೇನೆ, ಕೆಲವು ಇನ್ನೂ ಬಗೆಹರಿದಿಲ್ಲ. ಮೊದಲು ಎಂಜಿನ್ ಯಾವುದು ಅಂತ ಹೇಳಿಬಿಡುತ್ತೇನೆ, ಅದಿಲ್ಲದೆ ಪದದ ಅಳತೆ ಸಿಗುವುದಿಲ್ಲ. 1993ರಿಂದ 2002ರವರೆಗೆ ತಯಾರಾದ ಸುಪ್ರಾದಲ್ಲಿ ಬರುತ್ತಿದ್ದ 2ಜೆಝಡ್-ಜಿಟಿಇ ಅದು. ಸಾಲಾಗಿ ಆರು ಸಿಲಿಂಡರ್, 2,997 ಸಿಸಿ, ಬೋರ್ (ಸಿಲಿಂಡರಿನ ಅಗಲ) 86 ಮಿ.ಮೀ., ಸ್ಟ್ರೋಕೂ (ಪಿಸ್ಟನ್ ಚಲಿಸುವ ದೂರ) 86 ಮಿ.ಮೀ., ಬ್ಲಾಕ್ ಬೀಡುಕಬ್ಬಿಣದ್ದು. ಜಪಾನಿನ ಕಂಪನಿಗಳು ಆಗ ತಮ್ಮತಮ್ಮಲ್ಲೇ ಮಾತಾಡಿಕೊಂಡು 280 ಅಶ್ವಶಕ್ತಿಗಿಂತ ಹೆಚ್ಚು ತೋರಿಸುತ್ತಿರಲಿಲ್ಲ, ಹಾಗಾಗಿ ಅಲ್ಲಿನ ಕಾಗದದ ಮೇಲೆ 280. ಅಮೆರಿಕಕ್ಕೆ ಹೋದದ್ದು 320. ಬ್ಲಾಕ್ ಗಟ್ಟಿ ಇರುವುದರಿಂದಲೇ ದೊಡ್ಡ ಟರ್ಬೊ ಹಾಕುವವರಿಗೆ ಈ ಎಂಜಿನ್ ಮೇಲೆ ಇಷ್ಟು ಮೋಹ. ಕಂಪನಿ ಕೊಟ್ಟದ್ದು ಎರಡು ಸಣ್ಣ ಟರ್ಬೊ: ಕಡಿಮೆ ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಒಂದೇ ಕೆಲಸ ಮಾಡುತ್ತೆ, ಸುಮಾರು 4,000 ಆಗುವ ಹೊತ್ತಿಗೆ ಇನ್ನೊಂದೂ ಸೇರಿಕೊಳ್ಳುತ್ತೆ. ಈ ಸರದಿಯನ್ನು ನಡೆಸುವುದಕ್ಕೇ ನಿರ್ವಾತದ ರಬ್ಬರ್ ಕೊಳವೆಗಳ ದೊಡ್ಡ ಸಿಕ್ಕು ಅಲ್ಲಿದೆ. ಹುಡುಗ ಅದನ್ನೆಲ್ಲ ಕಿತ್ತು ಹಾಕಿದ್ದಾನೆ.

'ಅಪ್‌ಗ್ರೇಡ್' ಬಗ್ಗೆ ನನಗೆ ಹೆಚ್ಚು ತಕರಾರಿಲ್ಲ. 'ದೊಡ್ಡ ಟರ್ಬೊ ಹಾಕೋದು' ಅಂದರೆ ಮುಗಿಯಿತು, ನಾಮಪದವೇ ಬೇಕಿಲ್ಲ. ನಮ್ಮ ಕಡೆ ಬೈಕ್ ಹುಡುಗರು 'ಆಲ್ಟ್ರೇಷನ್ ಮಾಡಿಸಿದ ಗಾಡಿ' ಅನ್ನುತ್ತಾರೆ. ತಮಾಷೆ ಅಂದರೆ ಕಾನೂನಿನ ಪದವೂ ಅದೇ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು 'ಆಲ್ಟರೇಷನ್' ಕುರಿತದ್ದು: ನೋಂದಣಿ ಪತ್ರದ ವಿವರ ತಯಾರಕರು ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. ಇಲ್ಲಿಂದ ವಿಡಿಯೊ ನೋಡಿ ಯಾರೂ ಕೈ ಹಾಕದಿರಲಿ ಎಂದು ಆ ಸಾಲನ್ನು ನಾನೇ ಸೇರಿಸಿದೆ. ಅವನಿರುವ ವಿಕ್ಟೋರಿಯಾದಲ್ಲೂ ಅನುಮೋದಿತ ಎಂಜಿನಿಯರ್ ನೋಡಿ ಪ್ರಮಾಣಪತ್ರ ಕೊಡಬೇಕು.

'ಆವೇಶಕ' ಹುಟ್ಟಿದ ದಾರಿ ಊಹಿಸಬಹುದು: ಚಾರ್ಜ್ ಅಂದರೆ ವಿದ್ಯುದಾವೇಶ, ಆದ್ದರಿಂದ ಚಾರ್ಜರ್ ಆವೇಶಕ. ಎಂಜಿನ್‌ನವರ ಬಾಯಲ್ಲಿ ಚಾರ್ಜ್ ಅಂದರೆ ಒಂದು ಸಲಕ್ಕೆ ಸಿಲಿಂಡರಿಗೆ ತುಂಬುವ ಗಾಳಿಯ ಪಾಲು, ಕರೆಂಟಿಗೂ ಅದಕ್ಕೂ ಸಂಬಂಧವಿಲ್ಲ. ಹೊಗೆಯ ರಭಸಕ್ಕೆ ಒಂದು ಚಕ್ರ ತಿರುಗುತ್ತೆ, ಅದೇ ಕಡ್ಡಿಯ ಇನ್ನೊಂದು ತುದಿಯ ಚಕ್ರ ಗಾಳಿಯನ್ನು ಒತ್ತಿ ಎಂಜಿನ್‌ಗೆ ತುಂಬುತ್ತೆ, ಅಷ್ಟೇ. ಸ್ವಿಸ್ ಎಂಜಿನಿಯರ್ ಆಲ್ಫ್ರೆಡ್ ಬೂಕಿ 1905ರಲ್ಲಿ ಪೇಟೆಂಟಿಗೆ ಹಾಕಿದ್ದು ಇದೇ ಮೂಲ ವಿಚಾರ. ಲ್ಯಾಟಿನ್‌ನಲ್ಲಿ 'ಟರ್ಬೊ' ಅಂದರೆ ಸುಂಟರಗಾಳಿ, ಬುಗುರಿ. ಹೊಸ ಪದ ಕಟ್ಟುವ ಆಸೆ ಇದ್ದವರಿಗೆ 'ಬುಗುರಿ' ಕೈಗೆ ಸಿಗುವಂತಿದೆ, ಆದರೆ ನನ್ನ ಓಟು 'ಟರ್ಬೊ'ಗೇ. ಲಾರಿಯವರು ದಶಕಗಳಿಂದ ಆಡುತ್ತಿರುವ ಮಾತು.

'ಬೂಸ್ಟ್'ಗೆ ಬಂದಾಗ ಸಮಸ್ಯೆ ಗಂಭೀರ. ಅರ್ಧ ಕರ್ನಾಟಕಕ್ಕೆ ಬೂಸ್ಟ್ ಅಂದರೆ ಹಾಲಿಗೆ ಹಾಕಿಕೊಳ್ಳುವ ಪುಡಿ, ಅದು ಹೋಗಲಿ. ಅನುವಾದದಲ್ಲಿ ಎಲ್ಲ ಕಡೆಯೂ 'ಒತ್ತಡ' ಎಂದಿತ್ತು. ಬೂಸ್ಟ್ ಅನ್ನುವುದು ಹೊರಗಿನ ಗಾಳಿಯ ಒತ್ತಡದ ಮೇಲೆ ಎಷ್ಟು ಹೆಚ್ಚು ಅನ್ನುವ ಲೆಕ್ಕ. ಪೆಟ್ರೋಲ್ ಬಂಕಿನಲ್ಲಿ ಟೈರಿಗೆ '30 ಹಾಕಿ' ಅನ್ನುವಾಗ ಇರುವುದೂ ಇದೇ ಲೆಕ್ಕ. ಆದರೆ ಎಂಜಿನ್‌ನ ಕಂಪ್ಯೂಟರ್ ಓದುವುದು ಶೂನ್ಯದಿಂದ ಎಣಿಸಿದ ಪೂರಾ ಒತ್ತಡವನ್ನು. ಡ್ಯಾಶ್‌ಬೋರ್ಡಿನ ಮುಳ್ಳು 1 ಬಾರ್ (100 ಕಿಲೋಪ್ಯಾಸ್ಕಲ್, ಹೆಚ್ಚುಕಡಿಮೆ ಸಮುದ್ರ ಮಟ್ಟದ ಗಾಳಿಯ ಒತ್ತಡ) ತೋರಿಸುವಾಗ ಕಂಪ್ಯೂಟರಿಗೆ ಅದು ಸುಮಾರು 2 ಬಾರ್, ಅಂದರೆ ಅದರ ಕೋಷ್ಟಕದಲ್ಲಿ 200 ಕಿಲೋಪ್ಯಾಸ್ಕಲ್‌ನ ಸಾಲು. ಎರಡಕ್ಕೂ 'ಒತ್ತಡ' ಅಂದುಬಿಟ್ಟರೆ, ಕೇಳಿದವನು 100ರ ಸಾಲಿಗೆ ಹೋಗಿ ಪೆಟ್ರೋಲಿನ ಅಳತೆಯನ್ನೂ ಕಿಡಿ ಹೊತ್ತುವ ಹೊತ್ತನ್ನೂ ತುಂಬುತ್ತಾನೆ. ಬೂಸ್ಟ್ ಬರುವ ಸಾಲು ಹಾಗೇ ಉಳಿಯುತ್ತೆ. ಆಮೇಲೆ ಪಿಸ್ಟನ್ ಉಳಿಯುವುದು ಅದೃಷ್ಟ. ಊರು ಬದಲಾದರೆ ಗೊಂದಲ ಇನ್ನಷ್ಟು: ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಹೊರಗಾಳಿಯ ಒತ್ತಡವೇ 0.9 ಬಾರ್ ಆಸುಪಾಸು. ಅಲ್ಲಿ ಮುಳ್ಳು 1 ಬಾರ್ ತೋರಿಸಬೇಕಾದರೆ ಟರ್ಬೊ ಮೆಲ್ಬರ್ನ್‌ಗಿಂತ ಹೆಚ್ಚು ದುಡಿಯಬೇಕು, ಸಿಲಿಂಡರಿಗೆ ಸಿಗುವ ಗಾಳಿ ಮಾತ್ರ ಮೆಲ್ಬರ್ನ್‌ಗಿಂತ ಕಡಿಮೆ.

ಪಠ್ಯಪುಸ್ತಕದ 'ನಿರಪೇಕ್ಷ ಒತ್ತಡ' ಪೂರಾ ಒತ್ತಡಕ್ಕೆ ಸರಿಯಾಗಿದೆ, ಆದರೆ ಷೆಡ್ಡಿನಲ್ಲಿ ನಿಂತು ಆಡುವ ಮಾತಲ್ಲ. ಸದ್ಯಕ್ಕೆ 'ಮೇಲೊತ್ತಡ' ಮತ್ತು 'ಒಟ್ಟು ಒತ್ತಡ' ಎಂದು ಜೋಡಿ ಮಾಡಿದ್ದೇನೆ. ಮೇಲೊತ್ತಡ ಅಂದರೆ ಮೇಲಿನಿಂದ ಬೀಳುವ ಒತ್ತಡ ಎಂದು ಯಾರಾದರೂ ತಿಳಿದಾರೆಯೇ? ಸಂಧಿ ಮಾಡದೆ 'ಮೇಲಿನ ಒತ್ತಡ' ಎಂದರಂತೂ ಶಾಸಕರ ಫೋನ್ ಬಂದಂತಾಗುತ್ತದೆ.

ಇನ್ನು 'ಲ್ಯಾಗ್'. ಈ ಪದ ಕನ್ನಡದಲ್ಲಿ ಆಗಲೇ ಸಂಸಾರ ಹೂಡಿದೆ. 'ಸೆಕೆಂಡ್ ಹಾಫ್ ತುಂಬಾ ಲ್ಯಾಗ್' ಅನ್ನದ ಸಿನಿಮಾ ಪ್ರೇಕ್ಷಕ ಯಾರು? ಸಿನಿಮಾದವರ ಲ್ಯಾಗ್ ಅಂದರೆ ಎಳೆತ, ಟರ್ಬೊದ ಲ್ಯಾಗ್ ಅಂದರೆ ಆಕ್ಸಿಲರೇಟರ್ ತುಳಿದ ಮೇಲೆ ಎಳೆತ ಬರುವವರೆಗಿನ ತಡ. ಗಾಡಿ ಭಾಷೆಯಲ್ಲಿ ಎಳೆಯುವುದು ಒಳ್ಳೆಯ ಗುಣ, 'ಗಾಡಿ ಎಳೀತಿಲ್ಲ' ಅನ್ನುವುದೇ ದೂರು. ಆದ್ದರಿಂದ 'ಎಳೆತ'ವನ್ನು ಲ್ಯಾಗ್‌ಗೆ ಹಚ್ಚಿದರೆ ಅರ್ಥ ತಲೆಕೆಳಗು.

ಇದರಲ್ಲಿ ಎರಡು ಬೇರೆ ಸಂಗತಿಗಳು ಬೆರೆತುಹೋಗುತ್ತವೆ. ಹೊಗೆಯ ಹರಿವು ಇಷ್ಟಾದರೂ ಇಲ್ಲದೆ ಟರ್ಬೊ ಒತ್ತಡ ಕಟ್ಟುವುದೇ ಇಲ್ಲ, ಅದಕ್ಕೊಂದು ಕನಿಷ್ಠ ಆರ್‌ಪಿಎಂ ಇದೆ. ಅದಕ್ಕಿಂತ ಕೆಳಗೆ ಎಷ್ಟು ಹೊತ್ತು ತುಳಿದು ಕಾದರೂ ಪ್ರಯೋಜನವಿಲ್ಲ. ಅದನ್ನು ದಾಟಿದ ಮೇಲೂ, ಕಾಲು ಎತ್ತಿ ಮತ್ತೆ ತುಳಿದಾಗ ಚಕ್ರ ವೇಗ ಹಿಡಿಯಲು ತೆಗೆದುಕೊಳ್ಳುವ ಹೊತ್ತು ಇನ್ನೊಂದು. ಚಕ್ರದ ವೇಗ ನಿಮಿಷಕ್ಕೆ ಒಂದು ಲಕ್ಷ ಸುತ್ತು ದಾಟಬೇಕಾಗುತ್ತೆ ಅನ್ನುವುದು ನೆನಪಿರಲಿ. ದೊಡ್ಡ ಟರ್ಬೊದಲ್ಲಿ ಎರಡೂ ಬೆಳೆಯುತ್ತವೆ, ಆದರೆ ಎರಡೂ ಒಂದೇ ಅಲ್ಲ, ಪರಿಹಾರವೂ ಬೇರೆ. ಮೊದಲನೆಯದಕ್ಕೆ ಗೇರ್ ಇಳಿಸಿದರೆ ಸಾಕು. ಎರಡನೆಯದಕ್ಕೆ ಹಗುರವಾದ ಚಕ್ರ, ಬಾಲ್ ಬೇರಿಂಗ್ ಟರ್ಬೊ ಹುಡುಕಬೇಕು. ಹುಡುಗ ಮಾತಾಡುವಾಗ 'ನಾಲ್ಕು ಸಾವಿರಕ್ಕೆ ಟರ್ಬೊ ಹಿಡಿಯುತ್ತೆ' ಅಂದ. ಅದನ್ನು ಹಾಗೇ ಇಟ್ಟುಕೊಂಡು, ಮೊದಲನೆಯದನ್ನು 'ಟರ್ಬೊ ಹಿಡಿಯುವ ಆರ್‌ಪಿಎಂ', ಎರಡನೆಯದನ್ನು 'ತಡ' ಎಂದು ಬರೆದಿದ್ದೇನೆ. 'ಹೊಸ್ತಿಲು' ಅನ್ನೋಣವೆಂದು ಒಬ್ಬ ಮಿತ್ರರು ಸೂಚಿಸಿದರು. ಹೊಸ್ತಿಲ ಮೇಲೆ ಕೂರುವುದಕ್ಕೇ ಬೈಯುವ ಜನ ನಾವು, ಅಲ್ಲಿ ಕಾರು ನಿಲ್ಲಿಸುವುದು ಬೇಡ ಅಂದೆ.

ಇಲ್ಲಿ ಜಪಾನಿಯರು ಮಾಡಿದ್ದು ನನಗೆ ಬಹಳ ಹಿಡಿಸಿತು. ತಳದಲ್ಲಿ ಸಪ್ಪಗಿದ್ದು ಇದ್ದಕ್ಕಿದ್ದಂತೆ ಒದೆಯುವ ದೊಡ್ಡ ಟರ್ಬೊಗೆ ಅವರು 'ದೊಕ್ಕನ್ ಟರ್ಬೊ' ಅನ್ನುತ್ತಾರೆ. ದೊಕ್ಕನ್ ಅಂದರೆ ಸದ್ದಿನ ಅನುಕರಣೆ, ನಮ್ಮ 'ಢಂ' ಅಂದ ಹಾಗೆ. ಅನುಕರಣಾವ್ಯಯದಲ್ಲಿ ನಮಗೇನು ಬಡತನವೇ? ಧಡಕ್ಕನೆ, ಗಕ್ಕನೆ, ರಪ್ಪನೆ, ಸುಯ್ಯನೆ, ಬುಸ್ಸನೆ. 'ಮೂರೂವರೆ ಸಾವಿರದವರೆಗೆ ಸಪ್ಪೆ, ಆಮೇಲೆ ಧಡಕ್ಕನೆ ಎಳೀತದೆ' ಅಂದರೆ ಟರ್ಬೊ ಕಾಣದವರಿಗೂ ಅರ್ಥವಾಗುತ್ತೆ. ಎಂಜಿನ್ ಪದಗಳನ್ನು ಕಟ್ಟುವಾಗ ಸಂಸ್ಕೃತದ ಧಾತು ಹುಡುಕುವ ಮೊದಲು ಕಿವಿಯಲ್ಲಿ ಹುಡುಕಬೇಕು ಅನ್ನುವುದು ನನ್ನ ವಾದ.

'ನಾಕಿಂಗ್' ಇದಕ್ಕೆ ಒಳ್ಳೆಯ ಪರೀಕ್ಷೆ. ಇಂಗ್ಲಿಷಿನ ನಾಕ್ ಎರಡು ರೋಗಗಳಿಗೆ ಒಂದೇ ಹೆಸರು. ಒಂದು, ಕಿಡಿಯಿಂದ ಹೊರಟ ಉರಿ ಮೂಲೆಯನ್ನು ಮುಟ್ಟುವ ಮೊದಲೇ ಅಲ್ಲಿನ ಗಾಳಿ-ಪೆಟ್ರೋಲು ಬಿಸಿಗೂ ಒತ್ತಡಕ್ಕೂ ತಾನಾಗಿಯೇ ಸಿಡಿಯುವುದು. ಇನ್ನೊಂದು, ಕನೆಕ್ಟಿಂಗ್ ರಾಡಿನ ಬೇರಿಂಗ್ ಸವೆದು ಬಡಿಯುವುದು. ಮೊದಲನೆಯದರ ಸದ್ದು ಸಿಲಿಂಡರಿನ ಅಗಲವನ್ನು ಅವಲಂಬಿಸಿರುತ್ತೆ, 86 ಮಿ.ಮೀ. ಬೋರಿಗೆ 6ರಿಂದ 7 ಕಿಲೋಹರ್ಟ್ಸ್ ಆಸುಪಾಸು, ಅಂದರೆ ತೆಳ್ಳಗಿನ ಲೋಹದ ಸದ್ದು, ಕಿಣಿಕಿಣಿ. ಬೇರಿಂಗಿನದು ತಳದಿಂದ ಬರುವ ದಪ್ಪನೆಯ ಠಕ್ ಠಕ್. ಕಿಣಿಕಿಣಿ ಕೇಳಿದರೆ ತಕ್ಷಣ ಕಾಲು ಎತ್ತಬೇಕು, ಹೆಚ್ಚು ಆಕ್ಟೇನಿನ, ಅಂದರೆ ಬೇಗ ತಾನಾಗಿ ಸಿಡಿಯದ ಪೆಟ್ರೋಲು ಹಾಕಬೇಕು, ಕಿಡಿಯನ್ನು ತಡ ಮಾಡಬೇಕು, ಬೂಸ್ಟ್ ಇಳಿಸಬೇಕು. ಠಕ್ ಠಕ್ ಕೇಳಿದರೆ ಎಂಜಿನ್ ಇಳಿಸಬೇಕು. 'ನಾಕಿಂಗ್ ಬರ್ತಿದೆ' ಎಂದಷ್ಟೇ ಬರೆದರೆ ಈ ಎರಡು ಖರ್ಚುಗಳ ನಡುವಿನ ವ್ಯತ್ಯಾಸ ಮಾಯ. ಬರಹದಲ್ಲಿ 'ಸಿಡಿತದ ಕಿಣಿಕಿಣಿ', 'ಬೇರಿಂಗಿನ ಠಕ್‌ಠಕ್' ಎಂದು ಹಾಕಿದ್ದೇನೆ. 'ಕಟಕಟ' ಅನ್ನುವವರೂ ಇದ್ದಾರಂತೆ, ಅದು ಯಾವುದಕ್ಕೆ?

ಕಾಲು ಎತ್ತಿದಾಗ ಬರುವ ಸದ್ದೂ ಎರಡು ಬಗೆ. ಎಂಜಿನ್‌ಗೆ ಗಾಳಿ ಬಿಡುವ ಥ್ರಾಟಲ್ ಮುಚ್ಚಿಕೊಂಡಾಗ ಒತ್ತಿದ ಗಾಳಿಯನ್ನು ಹೊರಗೆ ಬಿಡುವ ವಾಲ್ವ್ ಇದ್ದರೆ ಬುಸ್ಸ್. ಇಲ್ಲದಿದ್ದರೆ ಗಾಳಿ ಚಕ್ರದ ಕಡೆಗೇ ಹಿಮ್ಮೆಟ್ಟಿ ಪಟಪಟಪಟ. ಈ ಪಟಪಟವನ್ನು ಸಂಗೀತವೆಂದು ಸವಿಯುವ ಪಂಗಡವೇ ಇದೆ, ನಮ್ಮ ಹುಡುಗನೂ ಅದರ ಸದಸ್ಯ. ತುಳಿದಿರುವಾಗಲೇ ಪಟಪಟ ಬಂದರೆ ಮಾತ್ರ ಟರ್ಬೊ ಎಂಜಿನ್‌ಗೆ ಹೊಂದುತ್ತಿಲ್ಲ ಎಂದರ್ಥ, ಬೇರಿಂಗಿಗೆ ಅದು ಒಳ್ಳೆಯದಲ್ಲ.

'ತ್ಯಾಜ್ಯ ದ್ವಾರ'ಕ್ಕೆ ಬದಲು ನನಗೆ ಹೊಳೆದದ್ದು 'ಕೋಡಿ'. ಹೊಗೆಯೆಲ್ಲ ಚಕ್ರಕ್ಕೇ ಬಿದ್ದರೆ ಒತ್ತಡ ಏರುತ್ತಲೇ ಹೋಗುತ್ತೆ, ನಿಗದಿ ಮಾಡಿದ ಮಟ್ಟ ಮುಟ್ಟಿದಾಗ ವೇಸ್ಟ್‌ಗೇಟ್ ತಾನಾಗಿ ತೆರೆದುಕೊಂಡು ಸ್ವಲ್ಪ ಹೊಗೆಯನ್ನು ಪಕ್ಕದಿಂದ ಬಿಡುತ್ತೆ. ಕೆರೆ ತುಂಬಿದಾಗ ಕೋಡಿ ಮಾಡುವ ಕೆಲಸವೂ ಇದೇ. ನಮ್ಮ ನೀರಾವರಿ ಎಂಜಿನಿಯರುಗಳು ಕಡತದಲ್ಲಿ ಕೋಡಿಗೆ 'ವೇಸ್ಟ್ ವಿಯರ್' ಎಂದು ಬರೆಯುವುದು ಈ ಆಸೆಗೆ ಇನ್ನಷ್ಟು ನೀರೆರೆಯಿತು. ತೂಬು ಆಗಲಾರದು, ಅದನ್ನು ಯಾರಾದರೂ ಎತ್ತಬೇಕು. ಒಂದು ತೊಡಕಿದೆ. ಕೋಡಿಯಲ್ಲಿ ಹರಿಯುವುದು ಕೆರೆ ತುಂಬಿದ ಅದೇ ನೀರು. ವೇಸ್ಟ್‌ಗೇಟ್ ಗಮನಿಸುವುದು ಒಳಹೋಗುವ ಗಾಳಿಯ ಒತ್ತಡವನ್ನು, ಹೊರಬಿಡುವುದು ಹೊಗೆಯನ್ನು. ಇವೆರಡನ್ನೂ ಜೋಡಿಸುವುದು ಬೆರಳಿಗಿಂತ ಸಣ್ಣ ರಬ್ಬರ್ ಕೊಳವೆ. ಅದು ಕಳಚಿಕೊಂಡರೆ ವೇಸ್ಟ್‌ಗೇಟಿಗೆ ಸುದ್ದಿಯೇ ಮುಟ್ಟುವುದಿಲ್ಲ, ಬೂಸ್ಟ್ ಮಿತಿ ಮೀರುತ್ತೆ. ಕೋಡಿ ಎಂದರೆ ಓದುಗರು ಬುಸ್ಸೆನ್ನುವ ಆ ಇನ್ನೊಂದು ವಾಲ್ವನ್ನು ನೆನೆಸಿಕೊಂಡಾರು ಎಂಬ ಅಳುಕೂ ಇದೆ. 'ಹೊಗೆ ಕೋಡಿ' ಅಂದರೆ ಆದೀತೆ?

ಇಂಟರ್‌ಕೂಲರಿಗೆ ಪದ ಹುಡುಕುವ ಗೋಜಿಗೆ ಹೋಗಿಲ್ಲ. 30 ಡಿಗ್ರಿಯ ಗಾಳಿಯನ್ನು ಎರಡು ಪಟ್ಟು ಒತ್ತಿದರೆ ಅದು 120 ಡಿಗ್ರಿಯ ಆಸುಪಾಸಿಗೆ ಬಿಸಿಯಾಗುತ್ತೆ, ಆದ್ದರಿಂದ ತಣಿಸಬೇಕು ಎಂದು ಒಂದು ಸಾಲು ಹೇಳಿ ಹೆಸರನ್ನು ಹಾಗೇ ಬಿಟ್ಟೆ. ಇಂಜೆಕ್ಟರ್, ಫ್ಯೂಯಲ್ ಪಂಪು, ಗ್ಯಾಸ್ಕೆಟ್ ಇವಕ್ಕೂ ಅದೇ ನ್ಯಾಯ.

ಒಂದು ಪದ ಮಾತ್ರ ಹುಡುಕದೆ ಸಿಕ್ಕಿತು. ಟರ್ಬೊದ ಬೇರಿಂಗಿಗೆ ಆಯಿಲ್ ಒತ್ತಡದಿಂದ ಬರುತ್ತೆ, ವಾಪಸು ಹೋಗುವುದು ಮಾತ್ರ ತನ್ನ ಭಾರದಿಂದಲೇ. ಆ ಕೊಳವೆ ಎಲ್ಲೂ ತಗ್ಗಿ ಏರದೆ, ಒಂದೇ ಸಮ ಇಳಿಯುತ್ತ, ಎಂಜಿನ್ ತಳದ ಆಯಿಲ್ ಸಂಪಿನಲ್ಲಿ ಆಯಿಲ್ ಮಟ್ಟಕ್ಕಿಂತ ಮೇಲೆ ಸೇರಬೇಕು. ನಡುವೆ ಹೊಟ್ಟೆ ಬಿಟ್ಟರೆ ಆಯಿಲ್ ನಿಂತು, ಸೀಲು ದಾಟಿ, ಸೈಲೆನ್ಸರಿನಲ್ಲಿ ನೀಲಿ ಹೊಗೆ ಬರುತ್ತೆ. ಹೊಸ ಟರ್ಬೊವೇ ಕೆಟ್ಟಿದೆ ಎಂದು ಅಂಗಡಿಯವನ ಜೊತೆ ಜಗಳಕ್ಕೆ ನಿಲ್ಲುವವರಲ್ಲಿ ಎಷ್ಟೋ ಮಂದಿಯ ಕೊಳವೆಯೇ ವಕ್ರ. ಯಂತ್ರಾನುವಾದ 'ಗುರುತ್ವಾಕರ್ಷಣಾ ಇಳಿಜಾರು ನಿರ್ವಹಿಸಿ' ಎಂದಿತ್ತು. ಬಚ್ಚಲಿಗೆ ನೆಲ ಹಾಕುವ ಮೇಸ್ತ್ರಿ ಏನನ್ನುತ್ತಾನೋ ಅದನ್ನೇ ಬರೆದೆ: 'ಕೊಳವೆಗೆ ವಾಟ ಇರಬೇಕು.'

ನನಗೆ ಬೇಕಾಗಿರುವುದು ಗ್ಯಾರೇಜಿನ ಒಡನಾಟ ಇರುವವರ ಮಾತು. ಹುಬ್ಬಳ್ಳಿ, ಮಂಗಳೂರು, ಕಲಬುರಗಿ ಕಡೆ ಈ ಸದ್ದುಗಳಿಗೆ ಬೇರೆ ಅನುಕರಣಪದಗಳಿವೆಯೇ? ಘಾಟಿ ಹತ್ತಿಸುವ ಲಾರಿ ಚಾಲಕರು ಟರ್ಬೊ ಹಿಡಿಯುವುದಕ್ಕೆ ಏನನ್ನುತ್ತಾರೆ? ಘಾಟಿ ಹತ್ತಿ ನಿಲ್ಲಿಸಿದ ಮೇಲೆ ಎಂಜಿನ್ ಕೂಡಲೇ ಆಫ್ ಮಾಡದೆ, ಟರ್ಬೊ ತಣಿಯಲೆಂದು ಒಂದೆರಡು ನಿಮಿಷ ಓಡಲು ಬಿಡುವ ರೂಢಿಗೆ ಅವರ ಬಾಯಲ್ಲಿ ಹೆಸರಿದ್ದರೆ ತಿಳಿಸಿ, ಆ ಜಾಗವನ್ನು ಬರಹದಲ್ಲಿ ಖಾಲಿ ಬಿಟ್ಟಿದ್ದೇನೆ. 'ವಾಟ' ಕರಾವಳಿಯವರಿಗೂ ತಿಳಿಯುತ್ತದೆಯೇ ಎಂಬುದು ಮೊದಲು ಬೇಕು. ಆಯಿಲ್ ಕೊಳವೆಯ ವಿಡಿಯೊವನ್ನು ಅವನು ಈ ವಾರವೇ ತೆಗೆಯುತ್ತಾನಂತೆ.